ಹಿರಿಯ ಅತ್ತೆಗೆ ಐದು ತುಂಬಿದ ದಿನ

ನನಗೆ ಇಬ್ಬರು ಅತ್ತೆಯರು. ಕಿರಿಯ ಅತ್ತೆಗೆ ಅರವತ್ತೆರಡು ವರ್ಷ. ಹಿರಿಯ ಅತ್ತೆಗೆ ಹೋದ ರವಿವಾರ ಐದು ತುಂಬಿತು.

(ಅಚ್ಚಿನ ಮನೆಯವರು ಅಂಕಿ ಅದಲುಬದಲು ಮಾಡಿದ್ದಾರೆಂದು ತಿಳಿಯಬೇಡಿ. ಐದು ಎಂದರೆ ಐದೇ.)

ಹಿರಿಯ ಅತ್ತೆ ಎಂದರೆ ನಾನೇ ಹಡೆದ ಮಗಳು. ಅವಳು ಹುಟ್ಟಿದಾಗ ನನ್ನ ಅತ್ತೆ ಗೌರಕ್ಕನವರು ತಮ್ಮ ಅತ್ತೆಯ ಹೆಸರನ್ನೇ ಇಡಬೇಕೆಂದರು: ರೇವವ್ವ. ಆ ಹಳೆಯ ರೇವವ್ವ, ಅಂದರೆ ನನ್ನ ಗಂಡನ ಅಜ್ಜಿ, ನಾನು ಮದುವೆಯಾಗಿ ತಿರ್ಲಾಪುರಕ್ಕೆ ಬರುವ ಮೂರು ವರ್ಷ ಮೊದಲೇ ಲಿಂಗೈಕ್ಯರಾಗಿದ್ದರು. ನಾನು ಕಂಡವಳಲ್ಲ. ಹೆಸರು ತಾನೆ, ಇಟ್ಟರೆ ಇಡಲಿ ಎಂದು ಬಾಣಂತಿ ಹಾಸಿಗೆಯ ಮೇಲೆ ಮಲಗಿಕೊಂಡೇ ಹೂಂ ಎಂದುಬಿಟ್ಟೆ. ಬಾಣಂತಿಯರ ಹೂಂಕಾರಕ್ಕೆ ಕಾನೂನಿನಲ್ಲಿ ಬೆಲೆ ಇರಬಾರದು.

ಈ ಕಡೆಯ ರಿವಾಜು ನನಗೆ ಗೊತ್ತಿರಲಿಲ್ಲ. ಹಿರಿಯರ ಹೆಸರು ಹೊತ್ತ ಕೂಸಿಗೆ ಹಿರಿಯರ ಮರ್ಯಾದೆಯೂ ಸಲ್ಲುತ್ತದೆ. ಅತ್ತೆಯ ಹೆಸರನ್ನು ಸೊಸೆಯಾದವಳು ಬಾಯಿಂದ ಆಡುವುದಂತೂ ಇಲ್ಲವೇ ಇಲ್ಲ. ಆದ್ದರಿಂದ ಗೌರಕ್ಕನವರು ಮೊಮ್ಮಗಳನ್ನು ಕರೆಯುವುದು "ಅತ್ತೀರ" ಎಂದು. ಅದೂ ಬಹುವಚನದಲ್ಲಿ. "ಅತ್ತೀರ, ಹಾಲ ಕುಡೀರಿ." "ಅತ್ತೀರ, ಜಳಕಕ್ಕ ಏಳ್ರಿ." ತೊಟ್ಟಿಲ ಕಾಲಕ್ಕೆ ಇದನ್ನು ಕೇಳಿ ನನಗೆ ನಗು ಬರುತ್ತಿತ್ತು. ಹಲ್ಲು ಬರುವ ಹೊತ್ತಿಗೆ ನಗು ನಿಂತಿತು. ಒಮ್ಮೆ ಅವಳು ಜೋಳದ ಹಿಟ್ಟಿನ ಡಬ್ಬಿಗೆ ಒಂದು ಚರಿಗೆ ನೀರು ಸುರಿದಳು. "ಲೇ ರೇವೀ" ಎಂದು ನಾನು ಕೂಗಿದ್ದೇ ತಡ, ಕಾಳು ಹಸನು ಮಾಡುತ್ತಿದ್ದ ಅತ್ತೆಯವರ ಕೈ ಅಲ್ಲಿಯೇ ನಿಂತಿತು.

"ಇಂದವ್ವಾ, ಆ ಹೆಸರಿಗೆ ಲೇ ಅಂದಿ. ಯಾರಿಗೆ ಅಂದಿ, ಗೊತ್ತೈತೇನ?"

"ನನ್ನ ಮಗಳಿಗೆ ಅಂದೇನ್ರಿ."

"ಮಗಳಿಗೆ ಅನ್ನು, ಯಾರ ಬ್ಯಾಡ ಅಂತಾರ. ಹೆಸರಿಗೆ ಅನಬ್ಯಾಡ."

(ನನ್ನ ಹೆಸರು ಇಂದುಮತಿ. ತವರಿನಿಂದ ತಂದದ್ದರಲ್ಲಿ ಈ ಮನೆಯಲ್ಲಿ ಮೊದಲು ಮುರಿದದ್ದು ಅದೇ.)

ಮಗಳನ್ನು ಹೆಸರಿನಿಂದ ಬೇರ್ಪಡಿಸಿ ಬೈಯುವ ವಿದ್ಯೆಯನ್ನು ಯಾವ ಕಾಲೇಜಿನಲ್ಲೂ ಕಲಿಸುವುದಿಲ್ಲ. ಕೊನೆಗೆ ನಾನೇ ದಾರಿ ಹುಡುಕಿದೆ. ನಮ್ಮ ಮನೆಯ ಹಿತ್ತಲು ಉದ್ದವಾದದ್ದು. ಬಟ್ಟೆ ಒಗೆಯುವ ಕಲ್ಲು, ಎಮ್ಮೆಯ ಗೂಟ, ಅದರಾಚೆ ಉರುವಲಿಗೆಂದು ಒಟ್ಟಿದ ಹತ್ತಿಕಟ್ಟಿಗೆಯ ಬಣವೆ. ಬಣವೆಯ ಮರೆಯಲ್ಲಿ ನಿಂತು ಏನೇ ಮಾತಾಡಿದರೂ ಅಡಿಗೆಮನೆಗೆ ಕೇಳುವುದಿಲ್ಲ. ಮಗಳನ್ನು ಅಲ್ಲಿಗೆ ಕರೆದೊಯ್ದು ಲೇ ಎಂದೆ, ಕತ್ತೆ ಎಂದೆ, ಇನ್ನೊಮ್ಮೆ ಹೀಗೆ ಮಾಡಿದರೆ ಕಿವಿ ಕಿತ್ತು ಕೈಯಲ್ಲಿ ಕೊಡುತ್ತೇನೆ ಎಂದೆ. ಎರಡು ದಿನ ಮನಸ್ಸು ಹಗುರಾಗಿತ್ತು. ಆದರೆ ಮಕ್ಕಳು ಭೂಗೋಳವನ್ನು ಬೇಗ ಕಲಿಯುತ್ತಾರೆ. ಹಿತ್ತಲ ಹೊಸ್ತಿಲಿನ ಈಚೆಗೆ ತಾನು ಅತ್ತೆ, ಆಚೆಗೆ ಮಗಳು ಎಂಬುದು ಅವಳಿಗೆ ತಿಳಿದುಹೋಯಿತು. ಮೂರನೆಯ ದಿನ "ಹಿತ್ತಲಕ್ಕ ಬಾ" ಎಂದರೆ ಕಂಬ ಹಿಡಿದು ನಿಂತು, "ನಾ ಬರೂದಿಲ್ಲ. ಏನ ಹೇಳೂದೈತಿ ಇಲ್ಲೇ ಹೇಳವ್ವ" ಎಂದಳು.

ಮಕ್ಕಳ ಹುಟ್ಟಿದ ದಿನ ಹತ್ತಿರ ಬಂದಂತೆ ತಾಯಂದಿರಿಗೆ ಹಿಂದಿನದೆಲ್ಲ ಕಣ್ಣ ಮುಂದೆ ಬರುತ್ತದಂತೆ. ನನಗೂ ಬಂತು, ಪೊಲೀಸ್ ಠಾಣೆಯ ದಫ್ತರಿನ ಹಾಗೆ. ಒಂದು ತುಂಬಿದಾಗ ಆರತಿ ತಟ್ಟೆ ಹಿಡಿದವರು ಎಲ್ಲಿ ನಿಲ್ಲಬೇಕೆಂದು ಬೆರಳು ಮಾಡಿ ತೋರಿಸಿದಳು. ಎರಡಕ್ಕೆ ಮಾತು ಬಂತು; ಉಳಿದ ಕೂಸುಗಳು ಅವ್ವ, ಅಪ್ಪ ಎಂದು ಶುರುಮಾಡಿದರೆ ಇವಳ ಮೊದಲ ಮಾತು "ಬ್ಯಾಡ". ಮೂರಕ್ಕೆ ಎರಡೂ ಕೈ ಸೊಂಟದ ಮೇಲೆ ಬಂದವು, ಮತ್ತೆ ಇಳಿಯಲಿಲ್ಲ. ನಾಲ್ಕು ತುಂಬಿದ ದಿನ, ನಮ್ಮ ಹೊಲದಲ್ಲಿ ದುಡಿಯುವ ಮಡಿವಾಳೆಪ್ಪ ರೊಟ್ಟಿ ಉಣ್ಣಲು ಕುಳಿತಿದ್ದ. ಅರವತ್ತು ದಾಟಿದ ಮನುಷ್ಯ. ಇವಳು ಎದುರು ಹೋಗಿ "ಉಗರ ತೋರಸು" ಎಂದಳು. ಅವನು ಎರಡೂ ಕೈ ಚಾಚಿದ. ಒಂದೊಂದೇ ಬೆರಳು ಹಿಡಿದು ನೋಡಿ, "ನೂರ ಸಲ ಹೇಳೀನಿ" ಎಂದು ಉದ್ದವಾಗಿ ನಿಟ್ಟುಸಿರು ಬಿಟ್ಟು ಅವನನ್ನು ಬಚ್ಚಲಿಗೆ ಕಳಿಸಿದಳು.

ನಾಲ್ಕು ವರ್ಷದ ಕೂಸಿಗೆ ಹತ್ತರ ಮುಂದೆ ಎಣಿಸಲು ಬರುವುದಿಲ್ಲ. ನೂರು ಎಲ್ಲಿಂದ ಬಂತು? ಆ ನಿಟ್ಟುಸಿರು ಎಲ್ಲಿಂದ ಬಂತು?

ನನಗೆ ಅನುಮಾನವೇ ಇರಲಿಲ್ಲ. ಪಡಸಾಲೆಯ ಗೋಡೆಯಿಂದ ಇಳಿದು ಬಂದಿತ್ತು. ಅಲ್ಲಿ ಹಳೆಯ ರೇವವ್ವನ ಫೋಟೋ ಇದೆ. ಹಣೆ ತುಂಬ ವಿಭೂತಿ, ಬಿಗಿದ ತುಟಿ, ಎರಡು ದೊಡ್ಡ ಕಣ್ಣು. ಪಡಸಾಲೆಯ ಯಾವ ಮೂಲೆಗೆ ಹೋದರೂ ಆ ಕಣ್ಣು ನನ್ನ ಜೊತೆಗೆ ಬರುತ್ತಿದ್ದವು. ಅತ್ತೆಯವರನ್ನು ಒಮ್ಮೆ ಕೇಳಿದ್ದೆ, ಅವರು ಹೇಗಿದ್ದರು ಎಂದು. "ಏನ ಹೇಳಲಿ ಇಂದವ್ವ. ಅತ್ತೀರು ಬಾಯಿ ತಗದ್ರಂದ್ರ ಮನಿಮಂದಿಯೆಲ್ಲಾ ಕೈಯಾಗಿನ ಕೆಲಸ ಬಿಟ್ಟು ನಿಲ್ಲತಿದ್ವಿ" ಎಂದು ಕಣ್ಣೊರೆಸಿಕೊಂಡರು. ಇವರನ್ನು (ನನ್ನ ಗಂಡ ಕುಬೇರಪ್ಪನವರನ್ನು) ಕೇಳಿದರೆ ಪೇಪರಿನಿಂದ ತಲೆ ಎತ್ತದೆ, "ನಮ್ಮಾಯಿ ಮಾತಾಡಿದ್ದ ನನಗ ಒಂದೂ ನೆನಪಿಲ್ಲ ನೋಡು" ಎಂದರು. ಇಪ್ಪತ್ತು ವರ್ಷ ಒಂದೇ ಸೂರಿನಡಿ ಇದ್ದ ಮೊಮ್ಮಗನಿಗೆ ಒಂದು ಮಾತೂ ನೆನಪಿಲ್ಲವೆಂದರೆ ಎಷ್ಟು ಹೆದರಿದ್ದಿರಬೇಕು. ಭಯಕ್ಕೆ ನೆನಪೇ ಅಳಿಸಿಹೋಗುತ್ತದೆಂದು ನಾನು ಮನೋವಿಜ್ಞಾನದಲ್ಲಿ ಓದಿದ್ದೇನೆ.

ನಾನಾದರೂ ಈ ಮನೆಗೆ ಎಷ್ಟೊಂದು ಸುಧಾರಣೆ ತಂದವಳು. ಕುಡಿಯುವ ನೀರು ಕಾಯಿಸಬೇಕು. ಚಪ್ಪಲಿ ಕಟ್ಟೆಯ ಕೆಳಗೇ ಬಿಡಬೇಕು. ಸಾಬೂನಿನಿಂದ ಕೈ ತೊಳೆಯದೆ ಯಾರೂ ತಾಟಿನ ಮುಂದೆ ಕೂಡ್ರಬಾರದು. ಉಣ್ಣುವಾಗ ಮಾತು ಬೇಡ. ಇದನ್ನೆಲ್ಲ ನಾನು ಜಬರದಸ್ತಿಯಿಂದ ಮಾಡಿಸಲಿಲ್ಲ, ಒಳ್ಳೆಯ ಮಾತಿನಿಂದ ಮಾಡಿಸಿದೆ. ಒಂದೇ ಮಾತನ್ನು ನೂರು ಸಲ ಹೇಳುವ ತಾಳ್ಮೆ ನನಗೆ ಮೊದಲಿನಿಂದಲೂ ಇದೆ. ಇಂಥ ತಾಯಿಯ ಹೊಟ್ಟೆಯಲ್ಲಿ ಇಂಥ ಸರದಾರಿಣಿ ಹೇಗೆ ಹುಟ್ಟಿದಳೆಂದು ಯೋಚಿಸಿದಷ್ಟೂ ಉತ್ತರ ಒಂದೇ. ಹೆಸರಿನ ಗುಣ.

ಹೆಸರಿನಿಂದ ಬಂದದ್ದು ಹೆಸರಿನಿಂದಲೇ ಹೋಗಬೇಕು. ಈ ವಿಚಾರ ನನಗೆ ಹೊಳೆದದ್ದು ಏಪ್ರಿಲ್ ಎರಡನೆಯ ವಾರದಲ್ಲಿ, ಅನ್ನಪೂರ್ಣಾಬಾಯಿಯವರ ಕಾಗದ ಬಂದಾಗ. ಅವರು ಧಾರವಾಡದ ಒಂದು ಮಕ್ಕಳ ಶಾಲೆಯ ದೊಡ್ಡಬಾಯಿಯವರು, ಅಂದರೆ ಮುಖ್ಯೋಪಾಧ್ಯಾಯಿನಿ. ನನಗೂ ಒಂದನೆಯ ಇಯತ್ತೆಯಲ್ಲಿ ಅವರೇ ಕಲಿಸಿದ್ದು. ಜೂನ್ ತಿಂಗಳಿಂದ ಮಗಳನ್ನು ನನ್ನ ತವರಿನಲ್ಲಿಟ್ಟು ಅವರ ಶಾಲೆಗೆ ಹಾಕುವ ಇಚ್ಛೆಯಿಂದ ನಾನು ಬರೆದಿದ್ದೆ. ಅವರು ಅರ್ಜಿ ಕಳಿಸಿ, "ನವಲಗುಂದಕ್ಕೆ ಒಂದು ಮದುವೆಗೆ ಬರುವವಳಿದ್ದೇನೆ. ಇಪ್ಪತ್ತೆಂಟರ ರವಿವಾರ ನಿಮ್ಮಲ್ಲಿಗೆ ಬಂದು ಕೂಸನ್ನು ನೋಡುತ್ತೇನೆ. ಅರ್ಜಿ ತುಂಬಿ ಇಡು" ಎಂದು ಬರೆದಿದ್ದರು. ಇಪ್ಪತ್ತೆಂಟು ಎಂದರೆ ಅವಳಿಗೆ ಐದು ತುಂಬುವ ದಿನವೇ.

ಶಾಲೆಗೆ ಅತ್ತೆಯವರ ತಕರಾರು ಇರಲಿಲ್ಲ. "ಓದಲಿ. ಅತ್ತೀರಿಗೆ ಓದಾಕ ಬರತಿದ್ದಿಲ್ಲ. ಈ ಸಲ ಓದಲಿ" ಎಂದರು. ಆಮೇಲೆ ನನ್ನ ಹತ್ತಿರ ಬಂದು ದನಿ ತಗ್ಗಿಸಿದರು. "ಇಂದವ್ವ, ಒಂದ ಮಾತ. ಅವರ ಹೆಸರ ಎಲ್ಲೂ ಬರದದ್ದಿಲ್ಲ. ಹೊಲದ ಕಾಗದದಾಗಿಲ್ಲ, ಮನಿ ಕಾಗದದಾಗಿಲ್ಲ. ಎಲ್ಲಾ ಗಂಡಸರ ಹೆಸರ ಅದಾವು. ಸಾಲಿ ಪುಸ್ತಕದಾಗರ ಚಂದಂಗ ಬರಸು, ಅಷ್ಟ ಸಾಕು."

ನಾನು ಹೂಂ ಎಂದೆ. ಈ ಸಲ ಬಾಣಂತಿಯೂ ಅಲ್ಲ, ಎಚ್ಚರವಿದ್ದೇ ಎಂದೆ. ಎಂದು ನೇರವಾಗಿ ಹೋಗಿ, ಟ್ರಂಕಿನ ತಳದಿಂದ ಅರ್ಜಿ ತೆಗೆದು, ಹೆಸರಿನ ಜಾಗವೊಂದನ್ನು ಖಾಲಿ ಬಿಟ್ಟು ಉಳಿದದ್ದನ್ನೆಲ್ಲ ತುಂಬಿದೆ. ಹೆಸರು ಮನಸ್ಸಿನಲ್ಲಿ ಆಗಲೇ ಇತ್ತು: ಪಲ್ಲವಿ. ಎಷ್ಟು ಎಳೆಯದು, ಎಷ್ಟು ತಣ್ಣಗಿನದು. ಪಲ್ಲವಿ ಎಂಬ ಹೆಸರಿನವಳು ಮಡಿವಾಳೆಪ್ಪನ ಉಗುರು ನೋಡುವುದನ್ನು ಊಹಿಸಲೂ ಆಗುವುದಿಲ್ಲ. ಬಾಯಿಯವರು ಬಂದಾಗ ಸದ್ದಿಲ್ಲದೆ ಬರೆಸಿಬಿಟ್ಟರೆ ಮುಗಿಯಿತು. ಅತ್ತೆಯವರಿಗೆ ಅಕ್ಷರ ಬರುವುದಿಲ್ಲ. (ಇದನ್ನು ಬರೆಯುವಾಗ ನನಗೆ ಈಗಲೂ ಮುಖ ಬಿಸಿಯಾಗುತ್ತದೆ. ಆದರೆ ನಡೆದದ್ದನ್ನು ನಡೆದಂತೆ ಹೇಳಬೇಕಲ್ಲ.)

ಇವರಿಗೆ ಮಾತ್ರ ಹೇಳಿದೆ.

"ಅವ್ವಗ ಗೊತ್ತಾದ್ರ?" ಎಂದರು.

"ಹೆಂಗ ಗೊತ್ತಾಗತೈತ್ರಿ? ನೀವೇನ ಹೇಳತೀರೇನ?"

"ನಾ ಯಾಕ ಹೇಳಲಿ. ನಾ ಅವತ್ತ ಹೊಲಕ್ಕ ಹೊಕ್ಕೀನಿ."

"ರವಿವಾರ ಹೊಲದಾಗ ಏನೈತ್ರಿ? ಹತ್ತಿ ಬಿಡಿಸಿ ತಿಂಗಳಾತು."

"ಏನೂ ಇಲ್ಲ. ಅದಕ್ಕ ಹೊಕ್ಕೀನಿ."

ಆ ಹದಿನೈದು ದಿನ ನನಗೆ ಅನ್ನ ಇಳಿಯಲಿಲ್ಲ. ಒಂದು ಕಡೆ ಬಣವೆಯ ಮರೆಯಲ್ಲಿ ತಾಲೀಮು. ಪೆಪ್ಪರಮೆಂಟಿನ ಆಸೆಗೆ ಅವಳು ಹಿತ್ತಲಿಗೆ ಬರಲು ಒಪ್ಪಿದ್ದಳು. ನಿನ್ನ ಹೆಸರೇನು? ಪಲ್ಲವಿ. ಒಂದು ಪೆಪ್ಪರಮೆಂಟು. ಬಾಯಿಯವರು ಬಂದರೆ ಏನು ಮಾಡಬೇಕು? ಕೈ ಕಟ್ಟಿ ನಿಲ್ಲಬೇಕು. ಇನ್ನೊಂದು. ಇನ್ನೊಂದು ಕಡೆ ಪಡಸಾಲೆಯಲ್ಲಿ ಅತ್ತೆಯವರ ತಯಾರಿ ನಡೆದಿತ್ತು. ಮಗಳ ಹುಟ್ಟಿದ ದಿನಕ್ಕೆಂದು ಹಳೆಯ ರೇವವ್ವನ ನಾಲ್ಕು ಇಳಕಲ್ ಸೀರೆಗಳನ್ನು ಪೆಟ್ಟಿಗೆಯಿಂದ ತೆಗೆದು ಕೌದಿ ಹೊಲಿಯಲು ರಹೀಮಾಬಿಗೆ ಕೊಟ್ಟಿದ್ದರು. ರಹೀಮಾಬಿ ಎಂದರೆ ಎರಡು ಮನೆ ಆಚೆ ಇರುವ, ಊರಿಗೆಲ್ಲ ಗಾದಿ ಕೌದಿ ಹೊಲಿದುಕೊಡುವ ಮುದುಕಿ. ಹೆಸರು ಸಾಲದೆಂದು ಈಗ ಸೀರೆಯೂ. ಐದು ತುಂಬಿದ ದಿನ ಆ ಕೌದಿ ಹೊದಿಸಿದರೆ ಉಳಿದ ಸ್ವಲ್ಪ ರೇವವ್ವನೂ ಮಗಳ ಮೈಯೊಳಗೆ ಇಳಿಯುವುದು ಖಂಡಿತ. ಹಾಗಾಗಿ ಬಾಯಿಯವರು ಕೌದಿಗಿಂತ ಮೊದಲು ಬರಬೇಕು. ನಾನು ದಿನಾಲು ರಹೀಮಾಬಿಯ ಮನೆಯ ಮುಂದೆ ಹಾದು, ಎಷ್ಟು ಹೊಲಿಗೆ ಬಂತೆಂದು ಓರೆಗಣ್ಣಿನಿಂದ ನೋಡಿ ಬರುತ್ತಿದ್ದೆ.

ರವಿವಾರ ಬಂತು. ಬೆಳಿಗ್ಗೆ ಆರತಿಯಾಯಿತು, ಶಾವಿಗೆ ಪಾಯಸವಾಯಿತು. ಮಗಳಿಗೆ ತಿಳಿಹಳದಿ ಫ್ರಾಕು ತೊಡಿಸಿದೆ. ಇವರು ಹೊಲಕ್ಕೆ ಹೊರಟವರು ಬಾಯಿಯವರನ್ನು ಬಸ್ಸಿನಿಂದ ಕರೆತರುವ ಕೆಲಸಕ್ಕೆ ಸಿಕ್ಕಿಬಿದ್ದರು. ಹತ್ತೂವರೆಗೆ ಓಣಿಯ ತಿರುವಿನಲ್ಲಿ ಬಾಯಿಯವರ ಬಿಳಿ ಸೀರೆ ಕಂಡಾಗ ನನ್ನ ಎದೆ ರೊಟ್ಟಿ ತಟ್ಟಿದ ಹಾಗೆ ಸದ್ದು ಮಾಡುತ್ತಿತ್ತು.

ಮಗಳು ಕೈ ಕಟ್ಟಿ ನಿಲ್ಲಲಿಲ್ಲ. ಹೊಸ್ತಿಲ ಮೇಲೆ ಸೊಂಟಕ್ಕೆ ಕೈ ಕೊಟ್ಟು ನಿಂತು, "ಚಪ್ಪಲಿ ಅಲ್ಲೇ ಬಿಡ್ರಿ. ಕಟ್ಟಿ ಮ್ಯಾಲಲ್ಲ, ಕೆಳಗ" ಎಂದಳು.

ಮೂವತ್ತು ವರ್ಷ ಮಕ್ಕಳನ್ನು ಆಳಿದ ಅನ್ನಪೂರ್ಣಾಬಾಯಿಯವರು ಮೆಟ್ಟಿಲು ಇಳಿದು ಚಪ್ಪಲಿಯನ್ನು ಕೆಳಗೆ ಬಿಟ್ಟರು.

"ಕಾಲ ತೊಳೀರಿ. ಉಗರ ತೋರಸ್ರಿ."

"ಬಾಯಾರ, ಮನಸಿಗೆ ಹಚಗೋಬ್ಯಾಡ್ರಿ" ಎಂದು ನಾನು ಮುಂದೆ ಬಿದ್ದೆ. ಮಗಳ ಕಿವಿಯ ಹತ್ತಿರ ಬಗ್ಗಿ, "ಹಿತ್ತಲಕ್ಕ ಬಾ" ಎಂದು ಹಲ್ಲುಗಳ ನಡುವಿನಿಂದ ಹೇಳಿದೆ. ಅವಳು ಕೇಳಿಸಿಕೊಳ್ಳಲಿಲ್ಲ. ಬಾಯಿಯವರ ಹತ್ತೂ ಬೆರಳು ನೋಡಿ, "ಚಲೋ ಅದಾವು. ಒಳಗ ಬರ್ರಿ" ಎಂದಳು.

ಬಾಯಿಯವರು ಬಂದು ಫೋಟೋದ ಕೆಳಗೆ ಕುಳಿತರು. ಅವರ ಮುಖದಲ್ಲಿ ಏನಿದೆಯೆಂದು ನನಗೆ ಓದಲಾಗಲಿಲ್ಲ. ಇವರು ಕಂಬಕ್ಕೆ ಒರಗಿ ನಿಂತರು. ಅತ್ತೆಯವರು ಚಹಾ ತಂದಿಟ್ಟು ಹೋಗಲಿಲ್ಲ. ಅಲ್ಲಿಯೇ ಕುಳಿತರು. ಅವರಿಗೆ ಹೆಸರು ಬರೆಯುವುದನ್ನು ನೋಡಬೇಕಾಗಿತ್ತು. ನಾನು ಅದನ್ನು ಎಣಿಸಿಯೇ ಇರಲಿಲ್ಲ. ಹೋಳಿಗೆಗೆ ಹೂರಣ ಒಲೆಯ ಮೇಲಿದೆ ಎಂದೆ. ಇಳಿಸೇನಿ ಎಂದರು. ಎಮ್ಮೆ ಕೂಗುತ್ತಿದೆ ಎಂದೆ. ಕೂಗಲಿ ಎಂದರು.

ಬಾಯಿಯವರು ಚೀಲದಿಂದ ಪೆನ್ನು ತೆಗೆದು, ನಾನು ಕೊಟ್ಟ ಅರ್ಜಿಯನ್ನು ತೊಡೆಯ ಮೇಲೆ ಇಟ್ಟುಕೊಂಡರು.

"ಹೆಸರ ಬರದೇ ಇಲ್ಲಲ್ಲ ಇಂದೂ. ಇರಲಿ, ಆಕಿನ್ನ ಕೇಳೂಣು. ಏನವಾ ಮಗೂ, ನಿನ್ನ ಹೆಸರೇನು?"

ಮಗಳು ನನ್ನನ್ನು ನೋಡಿದಳು. ಅಜ್ಜಿಯನ್ನು ನೋಡಿದಳು. ಗಲ್ಲದ ಮೇಲೆ ಬೆರಳಿಟ್ಟು ಕ್ಷಣಕಾಲ ಯೋಚಿಸಿದಳು.

"ಯಾವದ ಹೇಳಲಿ? ಮನ್ಯಾಗಿಂದೋ, ಹಿತ್ತಲದಾಗಿಂದೋ?"

"ಎರಡ ಅವ ಏನು?"

"ಹೂಂ. ಮನ್ಯಾಗ ರೇವವ್ವ. ಹಿತ್ತಲದಾಗ ಪಲ್ಲವಿ. ಪಲ್ಲವಿ ಅಂದ್ರ ಅವ್ವ ಪೆಪ್ಪರಮೆಂಟ ಕೊಡತಾಳ. ಆಯಿಗೆ ಹೇಳಬ್ಯಾಡ ಅಂದಾಳ."

ಎಮ್ಮೆ ಕೂಡ ಆ ಹೊತ್ತಿಗೆ ಕೂಗುವುದನ್ನು ನಿಲ್ಲಿಸಿತು. ಇವರು ಕಂಬದ ಹಿಂದಕ್ಕೆ ಸರಿದರು. ಅತ್ತೆಯವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು. ಅವರು ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

"ಹೆಸರ ತಗದಿ, ಇಂದವ್ವ?" ಎಂದರು.

ತಪ್ಪು ಮಾಡಿದವರಿಗೆ ಇಂಥ ಹೊತ್ತಿನಲ್ಲಿ ಸಿಟ್ಟೊಂದೇ ಆಸರೆ. ನನಗೆ ಸಿಟ್ಟು ಬಂತು.

"ಮತ್ತೇನ ಮಾಡಲಿ ಅತ್ತೀ? ನನ್ನ ಕೂಸು ಕೂಸಿನಂಗ ಐತೇನ್ರಿ? ಬಂದವರಿಗೆ ಹುಕುಂ ಮಾಡತಾಳ. ಮುದುಕರ ಕೈ ಹಿಡದ ಉಗರ ನೋಡತಾಳ. ಬಾಯಿ ತಗದ್ರ ನೂರ ಸಲ ಹೇಳೀನಿ ಅಂತಾಳ. ನೀವು ಅತ್ತೀರ, ಅತ್ತೀರ ಅನಕೋತ ಹಿಂದ ತಿರಗತೀರಿ. ಅವರು ಈ ಮನೀ ಮಂದಿನ್ನೆಲ್ಲಾ ನಡಗಿಸಿ ಬಾಳೇವು ಮಾಡಿದ್ರು, ಮಾಡಲಿ. ನನ್ನ ಮಗಳು ಅವರಂಗ ಆಗೂದ ಬ್ಯಾಡ." ಹೇಳುತ್ತ ಹೇಳುತ್ತ ನನ್ನ ಬೆರಳು ಫೋಟೋದ ಕಡೆಗೆ ಹೋಗಿತ್ತು.

"ಯಾರು ಯಾರನ್ನ ನಡಗಿಸಿದ್ರು?" ಎಂದು ಬಾಗಿಲಿನಿಂದ ದನಿ ಬಂತು. ರಹೀಮಾಬಿ ಮಡಿಚಿದ ಕೌದಿಯನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು. "ನಮ್ಮ ರೇವಕ್ಕನ ಮಾತೇನ?"

"ಹೌದಬೇ. ಮನಿ ನಡಗಿಸಿದ್ರಂತ" ಎಂದರು ಅತ್ತೆಯವರು.

ರಹೀಮಾಬಿ ನಕ್ಕಳೆಂದರೆ, ಕೌದಿಯನ್ನು ಕೆಳಗಿಟ್ಟು ಬಾಗಿಲ ಚೌಕಟ್ಟು ಹಿಡಿದುಕೊಳ್ಳಬೇಕಾಯಿತು. "ರೇವಕ್ಕ? ಯವ್ವಾ, ಬೆಕ್ಕ ಬಂದು ಹಾಲಿಗೆ ಬಾಯಿ ಹಾಕಿದ್ರ, ಅದು ಕುಡದ ಮುಗಸೂತನಕಾ ಬಾಜೂಕ ನಿಂತು ಆಮ್ಯಾಲೆ ಪಾತ್ರಿ ತಗೀತಿದ್ಲು. ನಡುವ ಹೆಂಗ ಎಬ್ಬಿಸೂದು, ಪಾಪ, ಅಂತಿದ್ಲು. ನಲವತ್ತ ವರ್ಷ ಆಕಿ ಬಾಜೂಕ ಕುಂತ ಕೌದಿ ಹೊಲದೀನಿ. ಆಕಿ ದನಿ ಹೆಂಗಿತ್ತು ಅಂದ್ರ ನನಗ ಹೇಳಾಕ ಬರೂದಿಲ್ಲ."

"ಮತ್ತ, ಬಾಯಿ ತಗದ್ರ ಎಲ್ಲಾರೂ ಕೆಲಸ ಬಿಟ್ಟು ನಿಲ್ಲತಿದ್ವಿ ಅಂದಿದ್ರೆಲ್ರಿ" ಎಂದು ನಾನು ಅತ್ತೆಯವರನ್ನು ಕೇಳಿದೆ. ನನ್ನ ದನಿಯೂ ಅಷ್ಟು ಹೊತ್ತಿಗೆ ರೇವಕ್ಕನ ದನಿಯಷ್ಟೇ ಉಳಿದಿತ್ತು.

"ನಿಲ್ಲದಿದ್ರ ಕೇಳೂದ ಹೆಂಗ? ಬೀಸೂಕಲ್ಲ ಸಪ್ಪಳದಾಗ ಅವರ ಮಾತ ಕೇಳತಿದ್ದಿಲ್ಲ. ವಾರಕ್ಕೊಂದ ಮಾತ ಆಡತಿದ್ರು, ಅದೂ ತಪ್ಪಿಹೋದ್ರ ಮತ್ತ ವಾರ ಕಾಯಬೇಕು."

ನಾನು ಕೊನೆಯ ಆಸರೆಯೆಂದು ಫೋಟೋದ ಕಣ್ಣುಗಳನ್ನು ನೋಡಿದೆ.

"ಅದು ಫೋಟೋದವನ ಅಂಜಿಕಿ" ಎಂದಳು ರಹೀಮಾಬಿ. "ಅಲ್ಲಾಡಬ್ಯಾಡ್ರಿ ಅಂದ. ಉಸರ ಸೈತ ಬಿಡಲಿಲ್ಲ. ಮನಿಗೆ ಬಂದು ಎರಡ ದಿನ ಜ್ವರ."

ಅತ್ತೆಯವರು ಕೌದಿಯನ್ನು ತೊಡೆಯ ಮೇಲೆ ಹರವಿಕೊಂಡು ಅದರೊಂದಿಗೆ ಮಾತಾಡುವಂತೆ ಹೇಳಿದರು. "ಹನ್ನೆರಡ ವರ್ಷದಾಕಿ ಈ ಮನಿಗೆ ಬಂದೆ. ತವರಮನ್ಯಾಗ ನನಗ ಲೇ ಅನಲಾರದವರ ಇದ್ದಿಲ್ಲ. ಇಲ್ಲೆ ಬಂದ ಮ್ಯಾಲೆ ಅತ್ತೀರು ಒಂದ ದಿನಾನೂ ಲೇ ಅನಲಿಲ್ಲ. ಗೌರಾ ಅಂತಿದ್ರು. ಹಿಟ್ಟ ಚೆಲ್ಲಿದಾಗೂ ಗೌರಾ ಅಂದ್ರು. ಅದಕ್ಕ, ಅವರ ಹೆಸರಿಗೂ ಯಾರೂ ಲೇ ಅನಬಾರದು ಅಂತ. ಅಷ್ಟ, ಮತ್ತೇನಿಲ್ಲ."

ಫೋಟೋದ ಕಡೆಗೆ ಚಾಚಿದ್ದ ಬೆರಳನ್ನು ನಾನು ಸೆರಗಿನಲ್ಲಿ ಬಚ್ಚಿಟ್ಟುಕೊಂಡೆ.

"ಹಂಗಾದ್ರ ಈ ಹುಡುಗಿ ಯಾರನ್ನ ಹೋಲತದ?" ಎಂದು ಬಾಯಿಯವರು ಕೇಳಿದರು.

ಉತ್ತರ ಮಗಳೇ ಕೊಟ್ಟಳು. ಅವಳು ರಹೀಮಾಬಿಯ ಕಾಲಿನ ಹತ್ತಿರ ಹೋಗಿ, ಉದ್ದವಾಗಿ ನಿಟ್ಟುಸಿರು ಬಿಟ್ಟು, "ನೂರ ಸಲ ಹೇಳೀನಿ, ಕಾಲ ತೊಳಕೊಂಡ ಒಳಗ ಬಾ ಅಂತ. ನಾ ಒಬ್ಬಾಕಿ ಎಷ್ಟಂತ ನೋಡಲಿ ಈ ಮನ್ಯಾಗ" ಎಂದಳು.

ಆ ಕೊನೆಯ ವಾಕ್ಯ ನನಗೆ ಪರಿಚಯದ್ದು. ಅದನ್ನು ಆ ದಿನ ಬೆಳಿಗ್ಗೆಯೇ, ಆರತಿಗೆ ಮೊದಲು, ಹಾಲಿನ ಪಾತ್ರೆ ಮುಚ್ಚುತ್ತ ಯಾರೋ ಅಂದಿದ್ದರು. ಯಾರೋ ಏನು, ನಾನೇ ಅಂದಿದ್ದೆ.

ಎಲ್ಲರೂ ನನ್ನನ್ನು ನೋಡಿದರು. ಇವರು ಕಂಬದ ಹಿಂದಿನಿಂದಲೇ ನೋಡಿದರು. ಫೋಟೋ ಕೂಡ ನೋಡಿತು, ಆದರೆ ಈಗ ಆ ಕಣ್ಣುಗಳಲ್ಲಿ ಇದ್ದದ್ದು ನನ್ನನ್ನು ಕಂಡ ಹೆದರಿಕೆಯೇ.

"ಇಂದೂ," ಎಂದರು ಬಾಯಿಯವರು, "ನೀ ಒಂದನೇ ಇಯತ್ತೆಕ್ಕ ಬಂದಾಗ ಐದ ವರ್ಷದಾಕಿ. ಮೊದಲನೇ ದಿನಾನೇ ನನ್ನ ಟೇಬಲ್ ಮ್ಯಾಲಿನ ಧೂಳ ಬೆರಳಿಲೆ ತಗದು ನನಗ ತೋರಿಸಿದ್ದಿ. ನೆನಪದ ಏನು? ಅವತ್ತಿನಿಂದ ನಾ ಟೇಬಲ್ ಒರಸದ ಕೂತಿಲ್ಲ ನೋಡು."

ಅಲ್ಲಿಗೆ ನನ್ನ ಮನೋವಿಜ್ಞಾನ ಮುಗಿಯಿತು. ಉಳಿದದ್ದು ಒಂದೇ ಕೆಲಸ. "ಬಾಯಾರ," ಎಂದೆ, "ಹೆಸರಿನ ಜಾಗದಾಗ ರೇವವ್ವ ಅಂತ ಬರೀರಿ. ದಪ್ಪ ಅಕ್ಷರದಾಗ ಬರೀರಿ." ಅತ್ತೆಯವರ ಮೇಲಿನ ಪ್ರೀತಿಯಿಂದಷ್ಟೇ ಅಲ್ಲ, ಸುಳ್ಳೇಕೆ ಹೇಳಲಿ. ಹೆಸರಿಗೆ ನಿಜವಾಗಿ ಗುಣವಿದ್ದರೆ ಆ ತಣ್ಣನೆಯ ಮುದುಕಿಯ ಒಂದೆರಡು ಹನಿಯಾದರೂ ಮಗಳ ಮೇಲೆ ಬೀಳಲಿ ಎಂಬ ದುರಾಸೆಯೂ ಇತ್ತು.

"ಬ್ಯಾಡ್ರಿ ಬಾಯಾರ" ಎಂದರು ಅತ್ತೆಯವರು. "ಪಲ್ಲವಿ ಅಂತಾನೇ ಬರೀರಿ."

"ಯಾಕ್ರಿ ಅತ್ತೀ? ನೀವೇ ಅಂದ್ರೆಲ್ಲ, ಎಲ್ಲೂ ಬರದದ್ದಿಲ್ಲ ಅಂತ."

"ಅಂದಿದ್ದೆ. ಈಗ ಬ್ಯಾಡ. ಧಾರವಾಡಕ್ಕ ಹೋಗಿ ಈಕಿ ಸಾಲಿ ಮಂದೀದೆಲ್ಲಾ ಉಗರ ನೋಡತಾಳ. ರೇವವ್ವ ಅಂದ್ರ ಅಗದೀ ಜೋರ ಹೆಂಗಸು ಅಂತಾರ ಜನ. ಬೆಕ್ಕಿಗೆ ಹಚಾ ಅನಲಾರದಾಕಿ ಹೆಸರಿಗೆ ಆ ಅಪವಾದ ಯಾಕ? ಏನ ಬರತೈತಿ ಪಲ್ಲವಿಗೆ ಬರಲಿ."

"ಪಲ್ಲವಿಗೆ ಯಾಕ ಬರಬೇಕ್ರಿ? ಪಲ್ಲವಿ ಏನ ಮಾಡ್ಯಾಳ?"

"ಅದು ನೀ ಇಟ್ಟ ಹೆಸರ ಐತಲ್ಲ, ಅದಕ್ಕ ಬರಲಿ."

"ರೇವವ್ವ ಅಂತಾನೇ ಬರಸಾಕಿ ನಾನು."

"ನಾ ಬರಸಗೊಡೂದಿಲ್ಲ."

ಹದಿನೈದು ದಿನ ನಾನು ಯಾವ ಜಗಳಕ್ಕೆ ಹೆದರಿ ಅನ್ನ ಬಿಟ್ಟಿದ್ದೆನೋ ಅದೇ ಜಗಳ ಈಗ ನಡೆದಿತ್ತು. ಇಬ್ಬರೂ ಜಾಗ ಬದಲಿಸಿದ್ದೆವು, ಅಷ್ಟೇ. ಬಾಯಿಯವರ ಪೆನ್ನು ಗಾಳಿಯಲ್ಲಿ ನಿಂತಿತ್ತು. ನಮ್ಮ ದನಿ ಓಣಿಗೆ ಕೇಳುವಷ್ಟಾದಾಗ ಹಿರಿಯ ಅತ್ತೆ ನಡುವೆ ಬಂದು ನಿಂತಳು. ಒಮ್ಮೆ ನನ್ನನ್ನು, ಒಮ್ಮೆ ಅಜ್ಜಿಯನ್ನು ನೋಡಿ, ಹಿಂಬಾಗಿಲ ಕಡೆಗೆ ಕೈ ಮಾಡಿದಳು.

"ಇಬ್ಬರೂ ಹಿತ್ತಲಕ್ಕ ನಡೀರಿ."

ನಡೆದೆವು. ಸತ್ಯವಾಗಿ ಹೇಳುತ್ತೇನೆ, ಇಬ್ಬರೂ ಎದ್ದು ನಡೆದೆವು. ಬಟ್ಟೆ ಒಗೆಯುವ ಕಲ್ಲಿನ ಈ ತುದಿಗೆ ನಾನು, ಆ ತುದಿಗೆ ಅತ್ತೆಯವರು ಕುಳಿತೆವು. ಎಮ್ಮೆ ನಮ್ಮಿಬ್ಬರನ್ನೂ ನೋಡಿತು. ಬಿಸಿಲು ಕಣ್ಣು ಕುಕ್ಕುತ್ತಿತ್ತು.

"ತಪ್ಪಾತ್ರಿ" ಎಂದೆ.

"ಇರಲಿ ಬಿಡು" ಎಂದು ಅತ್ತೆಯವರು ಬಿಸಿಲಿಗೆ ಸೆರಗು ಮುಂದೆಳೆದುಕೊಂಡರು. "ಜೂನ್ ತಿಂಗಳದಾಗ ಆಕಿ ಹೋದ್ಲಂದ್ರ ಮನಿ ಬಿಕೋ ಅಂತೈತಿ. ಮಡಿವಾಳೆಪ್ಪನ ಉಗರ ಯಾರ ನೋಡತಾರ?"

"ನಾ ಇರತೀನಲ್ರಿ."

"ಅದೇನ, ಗೊತ್ತೈತಿ" ಎಂದು ಅತ್ತೆಯವರು ನಕ್ಕರು. ನಾನು ಅತ್ತುಬಿಟ್ಟೆ. ಬಣವೆಯ ಮರೆಯಲ್ಲಿ ಯಾರನ್ನು ಬೈದೆನೋ ಅವಳು ಇನ್ನೊಂದು ತಿಂಗಳಿಗೆ ಬೈಯಲೂ ಸಿಗುವುದಿಲ್ಲ ಎಂದು ಆಗ ತಾನೇ ತಿಳಿದಿತ್ತು. ಅತ್ತೆಯವರು ಕಲ್ಲಿನ ಮೇಲೆ ಸರಿದು ಹತ್ತಿರ ಬಂದು, "ಅಳಬ್ಯಾಡ, ಇಂದುಮತಿ" ಎಂದರು. ಪೂರ್ತಿ ಹೆಸರು ಬರುತ್ತಿತ್ತು ಅವರಿಗೆ, ಇಷ್ಟು ದಿನವೂ.

ನಾವು ಒಳಗೆ ಬರುವ ಹೊತ್ತಿಗೆ ಅರ್ಜಿ ತುಂಬಿಯಾಗಿತ್ತು. ಹೆಸರಿನ ಜಾಗದಲ್ಲಿ ದಪ್ಪ ಅಕ್ಷರದಲ್ಲಿ ರೇವವ್ವ ಎಂದಿತ್ತು.

"ಆಕಿನ್ನೇ ಕೇಳಿದೆ" ಎಂದರು ಬಾಯಿಯವರು. "ರೇವವ್ವ ಅಂತ ಬರಕೋರಿ, ಆ ಹೆಸರಿಗೆ ಯಾರೂ ಬೈಯೂದಿಲ್ಲ, ಅಂದಳು. ನಮ್ಮ ಸಾಲ್ಯಾಗ ಹಿತ್ತಲಾ ಭಾಳ ದೊಡ್ಡದದ ಅಂತ ಆಕಿಗಿನ್ನೂ ಹೇಳಿಲ್ಲ."

ಅತ್ತೆಯವರು ಅರ್ಜಿಯನ್ನು ಎರಡೂ ಕೈಯಲ್ಲಿ ಹಿಡಿದು, ಎಲ್ಲಿ ಬರೆದಿದೆ ತೋರಿಸು ಎಂದರು. ನಾನು ತೋರಿಸಿದೆ. ಮೂರು ಅಕ್ಷರದ ಮೇಲೂ ಬೆರಳಾಡಿಸಿದರು. ರಹೀಮಾಬಿಯೂ ಬಗ್ಗಿ ನೋಡಿ, "ಆಕಿನಂಗ ಸುಮ್ಮನ ಕುಂತಾವ ನೋಡು ಅಕ್ಷರ" ಎಂದಳು. ಫೋಟೋದ ಕೆಳಗೆ ಮಗಳು ಕೌದಿಯನ್ನು ತಲೆಯ ಮೇಲಿಂದ ಹೊದ್ದು ಅಪ್ಪನಿಗೆ ಕೈ ತೊಳೆದು ಬರಲು ಹೇಳುತ್ತಿದ್ದಳು.

ಆಗ ನನ್ನ ಕಣ್ಣು ಅರ್ಜಿಯ ಕೊನೆಯ ಸಾಲಿಗೆ ಹೋಯಿತು. 'ಮಗುವಿನ ಸ್ವಭಾವ' ಎಂಬಲ್ಲಿ ನಾನು ಮುಂಚೆಯೇ 'ಶಾಂತ, ವಿಧೇಯ, ಮಿತಭಾಷಿ' ಎಂದು ಬರೆದಿಟ್ಟಿದ್ದೆ. ಬಾಯಿಯವರು ಮೂರನ್ನೂ ಹೊಡೆದುಹಾಕಿ ಬದಿಗೆ ಎರಡೇ ಮಾತು ಬರೆದಿದ್ದರು: ತಾಯಿಯ ಹಾಗೆ.

ಏನಾದರೂ ಹೇಳಬೇಕೆಂದು ನಾನು ಬಾಯಿ ತೆರೆದೆ. ಮನೆಮಂದಿಯೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ನಿಂತರು. ಪಾಯಸಕ್ಕೆಂದು ಆಗ ತಾನೇ ಬಂದು ಬಾಗಿಲಲ್ಲಿ ಕುಳಿತಿದ್ದ ಮಡಿವಾಳೆಪ್ಪ ಮಾತ್ರ, ಯಾರೂ ಕೇಳದೆಯೇ, ಎರಡೂ ಕೈಗಳನ್ನು ನನ್ನ ಮುಂದೆ ಚಾಚಿದ.